ಕಲ್ಲುಸಾಲುಗಳ ನಡುವೆ ಒಂದು ನಡಿಗೆ

ಭೀಮರಾಯನಗುಡಿ ಎಂದೊಡನೆ ನೆನಪಾಗುವುದು ಕೃಷ್ಣಾ ಮೇಲ್ದಂಡೆ ಯೋಜನೆಯ ಕ್ಯಾಂಪು, ಕಚೇರಿ, ಕಾಲುವೆ. ಸಮೀಪದ ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಗುಡ್ಡಗಳನ್ನು ನೋಡಲು ಜನ ಬರುತ್ತಾರೆ. ಆದರೆ ಅದೇ ಸೀಮೆಯ ವಿಭೂತಿಹಳ್ಳಿಯ ಬಯಲಿನಲ್ಲಿ ಅಡ್ಡಾಡುವವರು ವಿರಳ. ಅಲ್ಲಿ ಗೋಪುರವಿಲ್ಲ, ಕೆತ್ತನೆಯಿಲ್ಲ, ಶಾಸನವಿಲ್ಲ. ಇರುವುದು ಬರೀ ಗುಂಡುಗಲ್ಲುಗಳು.

ನಿಂತಲ್ಲೇ ನಿಂತು ನೋಡಿದರೆ ಅವು ಚೆಲ್ಲಾಪಿಲ್ಲಿಯಾಗಿ ಬಿದ್ದಂತೆ ತೋರುತ್ತವೆ. ನಾಲ್ಕು ಹೆಜ್ಜೆ ಸರಿದರೆ ಒಂದರ ಹಿಂದೊಂದು ಸಾಲುಗಟ್ಟುತ್ತವೆ. ಇನ್ನೂ ನಾಲ್ಕು ಹೆಜ್ಜೆ ಇಟ್ಟರೆ ಆ ಸಾಲು ಕರಗಿ, ಓರೆಯಾಗಿ ಇನ್ನೊಂದು ಮೂಡುತ್ತದೆ. ಚದುರಂಗದ ಮನೆಗಳಂತೆ ಅಳತೆಯಿಟ್ಟು ಕಲ್ಲು ಕೂರಿಸಿದ್ದರ ಫಲ ಇದು. ಕಾಲ್ನಡಿಗೆಯಲ್ಲಿ ಹೋದವರಿಗೆ ಮಾತ್ರ ಇದು ಕಣ್ಣಿಗೆ ಬೀಳುತ್ತದೆ.

ಇಂಥ ಕಲ್ಲುಗಳನ್ನು ಮೊದಲು ಕುತೂಹಲದಿಂದ ನೋಡಿ ಬರೆದಿಟ್ಟವನು ಫಿಲಿಪ್ ಮೆಡೋಸ್ ಟೇಲರ್. ಹದಿನೈದರ ಹರೆಯದಲ್ಲಿ, 1824ರಲ್ಲಿ ಮುಂಬಯಿಗೆ ಬಂದಿಳಿದ ಈತ ನಿಜಾಮನ ಸೇನೆ ಸೇರಿ, 1841ರಲ್ಲಿ ಸುರಪುರಕ್ಕೆ ಬಂದ. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಹೊಣೆಯೂ ಅವನ ಮೇಲಿತ್ತು. ಅದೇ ಬಾಲಕ ದೊಡ್ಡವನಾಗಿ 1858ರಲ್ಲಿ ಬ್ರಿಟಿಷರ ವಿರುದ್ಧ ತಿರುಗಿಬಿದ್ದದ್ದು, ಸೆರೆಯಲ್ಲಿ ಗುಂಡೇಟಿನಿಂದ ಸತ್ತದ್ದು ಬೇರೆಯೇ ದುಃಖದ ಕಥೆ. ಆಡಳಿತದ ನಡುವೆ ಟೇಲರ್ ರಾಜನಕೋಳೂರು, ಜೇವರ್ಗಿ ಮುಂತಾದ ಕಡೆಯ ಕಲ್ಗೋರಿಗಳನ್ನು ಹುಡುಕಿದ, ಕೆಲವನ್ನು ಅಗೆಸಿದ. ಮಣ್ಣಿನ ಪದರಗಳನ್ನೂ ಎಲುಬು, ಮಡಕೆಗಳು ಸಿಕ್ಕ ಜಾಗವನ್ನೂ ನಕ್ಷೆಯಲ್ಲಿ ಗುರುತಿಸಿದ. ನೂರು ವರ್ಷಗಳ ನಂತರ, 1954ರ ತಮ್ಮ ಪುಸ್ತಕದಲ್ಲಿ ಮಾರ್ಟಿಮರ್ ವೀಲರ್ ಅಂಥವರು ಈ ಕೆಲಸವನ್ನು ಮೆಚ್ಚಿದ್ದು ಸುಮ್ಮನೆ ಅಲ್ಲ.

ಆದರೆ ಟೇಲರನ ತೀರ್ಮಾನ ಮಾತ್ರ ಅವನ ಕಾಲದ್ದು. ತನ್ನ ನಾಡಿನಲ್ಲೂ ಫ್ರಾನ್ಸಿನ ಬ್ರಿಟನಿಯಲ್ಲೂ ಇಂಥವೇ ಕಲ್ಲುಗಳಿದ್ದುದರಿಂದ, ಇವನ್ನೂ ಸಿಥಿಯನ್ನರು, ಕೆಲ್ಟರು, ಡ್ರೂಯಿಡರ ಲೆಕ್ಕಕ್ಕೆ ಬರೆದುಬಿಟ್ಟ. ಇಲ್ಲಿಯ ಜನರೇ ಕಟ್ಟಿರಬಹುದೆಂದು ಒಪ್ಪಲು ಆ ಕಾಲದ ಪಂಡಿತರಿಗೆ ಅದೇಕೋ ಕಷ್ಟ. ಇಂದು ಕರ್ನಾಟಕದ ಬೃಹತ್ ಶಿಲಾ ಸಂಸ್ಕೃತಿಯನ್ನು ಕಬ್ಬಿಣ ಬಳಸುತ್ತಿದ್ದ ಇಲ್ಲಿಯದೇ ಜನಸಮುದಾಯಗಳೊಂದಿಗೆ ಜೋಡಿಸಲಾಗುತ್ತದೆ. ಅದರ ಆರಂಭವನ್ನು ಸುಮಾರು ಕ್ರಿ.ಪೂ. 1200ರಷ್ಟು ಹಿಂದಕ್ಕೆ ಒಯ್ಯುತ್ತಾರೆ.

ಗೋರಿಗಳ ಉದ್ದೇಶ ಊಹಿಸಬಹುದು. ಸಾಲುಗಲ್ಲುಗಳದ್ದೇ ಒಗಟು. 1956ರಲ್ಲಿ ಎಫ್.ಆರ್. ಆಲ್ಚಿನ್ ಈ ಭಾಗದ ಕಲ್ಲುಸಾಲುಗಳ ಬಗ್ಗೆ ಪ್ರತ್ಯೇಕ ಲೇಖನವನ್ನೇ ಬರೆದರು. ಇವುಗಳಲ್ಲಿ ದೊಡ್ಡದು ಹನಮಸಾಗರದ್ದು. ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಲ್ಲುಗಳಿವೆ. 2005ರಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಎನ್. ಕಾಮೇಶ್ವರ ರಾವ್ ಹೊಸ ದಾರಿ ಹಿಡಿದರು. ಹನಮಸಾಗರ, ವಿಭೂತಿಹಳ್ಳಿಗಳ ಸಾಲುಗಳು ವಿಷುವ ಮತ್ತು ಅಯನಗಳ ದಿನದ ಸೂರ್ಯೋದಯ, ಸೂರ್ಯಾಸ್ತದ ದಿಕ್ಕಿಗೆ ಹೊಂದುತ್ತವೆ ಎಂಬುದು ಅವರ ವಾದ. ಮಳೆಯನ್ನೇ ನಂಬಿದ ಬೇಸಾಯಗಾರನಿಗೆ ಋತುವಿನ ಲೆಕ್ಕ ಬೇಕೇ ಬೇಕು. ಹಾಗೆಂದು ಇದೇ ಕೊನೆಯ ಮಾತಲ್ಲ. ಇಷ್ಟೊಂದು ಸಾಲುಗಳಿದ್ದಾಗ ಕೆಲವು ಸೂರ್ಯನತ್ತ ತಿರುಗಿರುವುದು ಆಕಸ್ಮಿಕವೂ ಆಗಬಹುದು.

ಅದನ್ನು ನಿರ್ಧರಿಸಬೇಕಾದರೆ ಕಲ್ಲುಗಳು ಇದ್ದಲ್ಲೇ ಇರಬೇಕು. ವಿಗ್ರಹವನ್ನು ಬೇಕಾದರೆ ವಸ್ತುಸಂಗ್ರಹಾಲಯಕ್ಕೆ ಒಯ್ಯಬಹುದು. ಇಲ್ಲಿ ಕಲ್ಲಿಗಿಂತ ಅದರ ಜಾಗವೇ ಬೆಲೆಯುಳ್ಳದ್ದು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಶಹಾಪುರ, ಸುರಪುರಗಳ ಒಣನೆಲಕ್ಕೆ ಬಂದ ಮೇಲೆ ಹೊಲ ಮಟ್ಟ ಮಾಡುವುದು ಲಾಭದ ಕೆಲಸವಾಯಿತು. ನಡುವೆ ಕುಳಿತ ಗುಂಡು ರೈತನಿಗೆ ಅಡ್ಡಿಯೇ. ಅವನನ್ನು ದೂರಿ ಫಲವಿಲ್ಲ. ಎತ್ತು ಕಟ್ಟಿ ಎಳೆಯಲಾಗದ ಬಂಡೆಯನ್ನು ಯಂತ್ರ ಅರ್ಧ ಗಂಟೆಯಲ್ಲಿ ಬದುವಿಗೆ ತಳ್ಳುತ್ತದೆ.

ವಿಭೂತಿಹಳ್ಳಿಯ ತಾಣಕ್ಕೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಿದೆ. ಮಾರ್ಚ್ 21ರ ಆಸುಪಾಸಿನ ಮುಂಜಾನೆ, ಬಿಸಿಲೇರುವ ಮೊದಲು ಪಡುವಣ ಅಂಚಿನಲ್ಲಿ ನಿಂತು ಮೂಡಣಕ್ಕೆ ನಡೆದರೆ ರಾವ್ ಅವರ ವಾದವನ್ನು ಯಾರು ಬೇಕಾದರೂ ಪರೀಕ್ಷಿಸಬಹುದು.