ಬರ್ಮಿಂಗ್‌ಹ್ಯಾಮಿನ ಒಂದು ಮನೆ

ಕಾಯ್ದೆ ಪಾಸಾದರೆ ಕೆಲಸ ಮುಗಿಯಿತು ಎನ್ನುವವರು ಹೆರಿಗೆ ವಾರ್ಡಿನಲ್ಲಿ ದುಡಿದಿರುವುದಿಲ್ಲ. ನಾನು ಬೆಳಗಾವಿ ಕಡೆಯ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳು. 1972ರ ಏಪ್ರಿಲ್‌ನಿಂದಲೇ ನಮ್ಮಲ್ಲಿ ಗರ್ಭಪಾತಕ್ಕೆ ಅವಕಾಶ ಕೊಡುವ ಎಂಟಿಪಿ ಕಾಯ್ದೆ ಜಾರಿಯಲ್ಲಿತ್ತು. ಆದರೂ ಯಾರಿಂದಲೋ ಕಡ್ಡಿ ಹಾಕಿಸಿಕೊಂಡು, ಮೈಯೆಲ್ಲ ಕೆಂಡವಾಗಿ ಬರುವವರು ತಪ್ಪಲಿಲ್ಲ. “ಇಲ್ಲೇ ಮಾಡ್ತಾರಂತ ನಮಗ್ಯಾರು ಹೇಳಬೇಕ್ರೀ ಸಿಸ್ಟರ್?” ಎನ್ನುತ್ತಿದ್ದರು.

ಹಾಗಾಗಿ ಬರ್ಮಿಂಗ್‌ಹ್ಯಾಮಿನ ಕಥೆ ನನಗೆ ಪರದೇಶದ್ದು ಅನಿಸಲೇ ಇಲ್ಲ. ಬ್ರಿಟನ್ನಿನ 1967ರ ಗರ್ಭಪಾತ ಕಾಯ್ದೆ ಜಾರಿಗೆ ಬಂದದ್ದು 1968ರ ಏಪ್ರಿಲ್ 27ರಂದು. ಇಬ್ಬರು ಡಾಕ್ಟರುಗಳ ಸಹಿ ಬೇಕು. ಹಾಕುವವರು ಸಿಗಬೇಕಲ್ಲ! ಆ ಊರಿನ ಸ್ತ್ರೀರೋಗ ವಿಭಾಗದ ಪ್ರೊಫೆಸರ್ ಹ್ಯೂ ಮೆಕ್‌ಲಾರೆನ್ ಗರ್ಭಪಾತದ ಕಡು ವಿರೋಧಿ. ದೊಡ್ಡ ಡಾಕ್ಟರು ಮುಖ ತಿರುಗಿಸಿದರೆ ಕೆಳಗಿನವರ ಕೈ ಎಷ್ಟು ಮುಂದೆ ಬರುತ್ತದೆ ಎಂಬುದು ಯಾವ ನರ್ಸಿಗೂ ಗೊತ್ತು. ಸರಕಾರಿ ಆಸ್ಪತ್ರೆಯಲ್ಲಿ ಆಗದು ಎನಿಸಿಕೊಂಡವರಿಗೆ ಉಳಿದದ್ದು ದುಬಾರಿ ಖಾಸಗಿ ನರ್ಸಿಂಗ್ ಹೋಮು.

ಆಗ ಮಾರ್ಟಿನ್ ಕೋಲ್, ಫ್ರಾಂಸ್ವಾ ಲಫೀಟ್ ಮೊದಲಾದವರು ಕೂಡಿ ‘ಬರ್ಮಿಂಗ್‌ಹ್ಯಾಮ್ ಪ್ರೆಗ್ನೆನ್ಸಿ ಅಡ್ವೈಸರಿ ಸರ್ವಿಸ್’ ಕಟ್ಟಿದರು. ತಮಾಷೆಯೆಂದರೆ ಇಬ್ಬರೂ ವೈದ್ಯರಲ್ಲ. ಒಬ್ಬರು ತಳಿಶಾಸ್ತ್ರದ ಮೇಷ್ಟ್ರು, ಇನ್ನೊಬ್ಬರು ಸಮಾಜನೀತಿಯ ಪ್ರಾಧ್ಯಾಪಕರು. ಆರಂಭದ ಸಮಾಲೋಚನೆ ನಡೆದದ್ದು ಕೋಲ್ ಅವರ ಮನೆಯಲ್ಲೇ. ಶುಲ್ಕವಿತ್ತು, ಆದರೆ ಲಾಭ ಯಾರ ಜೇಬಿಗೂ ಹೋಗುತ್ತಿರಲಿಲ್ಲ. ಮುಂದೆ ಹೆಸರಿನ ಮೊದಲ ಪದ ‘ಬ್ರಿಟಿಷ್’ ಆಯಿತು, ಊರೂರಲ್ಲಿ ಕ್ಲಿನಿಕ್‌ಗಳಾದವು. ಈಗ ಅಲ್ಲಿಗೆ ಬರುವ ಹೆಚ್ಚಿನವರ ಖರ್ಚನ್ನು ಸರಕಾರಿ ಆರೋಗ್ಯ ಸೇವೆಯೇ ಭರಿಸುತ್ತದೆ.

ಅಲ್ಲಿಗೆ ಬರುತ್ತಿದ್ದ ಐರ್ಲೆಂಡಿನ ಹೆಂಗಸರಿಗೆ ಮಾತ್ರ ಆ ಸೌಲಭ್ಯ ಇರಲಿಲ್ಲ. 1983ರಲ್ಲಿ ಅವರ ದೇಶ ಭ್ರೂಣಕ್ಕೂ ತಾಯಿಗೂ ಜೀವದ ಸಮಾನ ಹಕ್ಕೆಂದು ಸಂವಿಧಾನದಲ್ಲೇ ಬರೆಯಿತು. ಅವರು ಸಾಲ ಮಾಡಿ, ಮನೆಯಲ್ಲಿ ಸುಳ್ಳು ಹೇಳಿ, ಹಡಗು ಹತ್ತಿ ಲಿವರ್‌ಪೂಲಿನಂಥ ಊರುಗಳ ಕ್ಲಿನಿಕ್ಕಿಗೆ ಬರುತ್ತಿದ್ದರು. ಆಸ್ಪತ್ರೆಯ ಮಂಚದಲ್ಲೇ ಇದ್ದವಳು ಯಾವ ಹಡಗು ಹತ್ತಬೇಕು? ನಮ್ಮ ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ ಐರ್ಲೆಂಡಿನ ಗಾಲ್ವೇಯಲ್ಲಿದ್ದಳು. 17 ವಾರಕ್ಕೆ ಗರ್ಭ ನಿಲ್ಲುವುದಿಲ್ಲವೆಂದು ಖಚಿತವಾಗಿತ್ತು. ತೆಗೆದುಬಿಡಿ ಎಂದು ಕೇಳಿದಳು. ಭ್ರೂಣದ ಎದೆಬಡಿತ ಇನ್ನೂ ಇದೆಯೆಂದು ಡಾಕ್ಟರು ಒಪ್ಪಲಿಲ್ಲ. ನಂಜೇರಿ 2012ರ ಅಕ್ಟೋಬರ್ 28ರಂದು ತೀರಿಕೊಂಡಳು. ವಯಸ್ಸು 31.

2018ರ ಮೇ 25ರ ಜನಮತದಲ್ಲಿ ಶೇಕಡ 66 ಮಂದಿ ಸಂವಿಧಾನದ ಆ 1983ರ ವಿಧಿಯನ್ನು ತೆಗೆದುಹಾಕಿದರು. ಆ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಹೋಗಿ ಗರ್ಭಪಾತ ಮಾಡಿಸಿಕೊಂಡ ಐರಿಷ್ ಹೆಂಗಸರು 2,879. ಹೊಸ ಕಾನೂನು ಬಂದ 2019ರಲ್ಲಿ 375. ಐರ್ಲೆಂಡಿನಲ್ಲಿ ಹೆಂಗಸಿನ ಇಚ್ಛೆಗೆ ಬಿಟ್ಟಿರುವುದು 12 ವಾರದವರೆಗೆ ಮಾತ್ರ. ಅದು ದಾಟಿದವರು ಇವತ್ತಿಗೂ ಟಿಕೆಟ್ ತೆಗೆಸುತ್ತಾರೆ.