ವಿಡಿಯೊ ಗೇಮ್ ಮತ್ತು ಮಿದುಳು: ವಿದ್ಯಾರ್ಥಿಗಳಿಗೆ ತಿಳಿಸಬೇಕಾದುದೇನು?

‘ಗೇಮ್ ಆಡಿದರೆ ತಲೆ ಕೆಡುತ್ತದೆ’ ಎಂಬುದು ಪರೀಕ್ಷೆ ಸಮೀಪಿಸಿದಾಗ ಮನೆಮನೆಗಳಲ್ಲಿ ಕೇಳಿಬರುವ ಮಾತು. ವಿಜ್ಞಾನದ ಉತ್ತರ ಇಷ್ಟು ಸರಳವಲ್ಲ. ಆಡುವಾಗ ಮಿದುಳಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ಇದ್ದುದು ಇದ್ದಂತೆ ತಿಳಿಸಿದರೆ, ವಿದ್ಯಾರ್ಥಿಗಳು ತಮ್ಮ ಅಭ್ಯಾಸವನ್ನು ತಾವೇ ಪರಿಶೀಲಿಸಿಕೊಳ್ಳಬಲ್ಲರು.

ಡೋಪಮೈನ್ ಪಾತ್ರ

ಲಂಡನ್ನಿನ ಸಂಶೋಧಕರು 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದ ಮೈಲಿಗಲ್ಲು. ಟ್ಯಾಂಕ್ ಓಡಿಸುವ ಗೇಮ್ ಆಡುತ್ತಿದ್ದ 8 ಪುರುಷರ ಮಿದುಳನ್ನು ಸ್ಕ್ಯಾನ್ ಮಾಡಿದಾಗ, ಡೋಪಮೈನ್ ಎಂಬ ರಾಸಾಯನಿಕದ ಬಿಡುಗಡೆ ಹೆಚ್ಚಿದ್ದುದು ಕಂಡುಬಂದಿತು. ಇದು ರೋಗವಲ್ಲ, ರುಚಿಯಾದ ಊಟ, ಇಷ್ಟದ ಸಂಗೀತವೂ ಇದೇ ವ್ಯವಸ್ಥೆಯನ್ನು ಪ್ರಚೋದಿಸುತ್ತವೆ. ಆದರೆ ಗೇಮ್‌ಗಳಲ್ಲಿ ಬಹುಮಾನ ಯಾವಾಗ ಸಿಗುವುದೆಂದು ಹಲವು ವೇಳೆ ಮೊದಲೇ ತಿಳಿಯದು. ‘ಇನ್ನೊಂದೇ ಆಟ’ ಎನ್ನಿಸಲು ಇದೂ ಒಂದು ಕಾರಣ. ಆತುರಕ್ಕೆ ಕಡಿವಾಣ ಹಾಕುವ ಮಿದುಳಿನ ಮುಂಭಾಗ ಪೂರ್ಣವಾಗಿ ಬೆಳೆಯುವುದು ಸುಮಾರು 25ರ ವಯಸ್ಸಿಗೆ. ಆದ್ದರಿಂದ ಹದಿಹರೆಯದವರಿಗೆ ನಿಲ್ಲಿಸುವುದು ಹೆಚ್ಚು ಕಷ್ಟ.

ಲಾಭವೂ ಉಂಟು

ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ 2003ರ ಅಧ್ಯಯನದಲ್ಲಿ, ವೇಗದ ಆ್ಯಕ್ಷನ್ ಗೇಮ್‌ಗಳ ಅಭ್ಯಾಸದಿಂದ ದೃಷ್ಟಿಯ ಗಮನಶಕ್ತಿ ಸುಧಾರಿಸಿತ್ತು. ಹಾಗೆಂದು ಈ ಚುರುಕುತನ ಪರೀಕ್ಷೆಯ ಅಂಕಗಳಾಗಿ ಪರಿವರ್ತನೆಯಾಗುತ್ತದೆ ಎಂದು ಅರ್ಥವಲ್ಲ.

ಸಮಸ್ಯೆ ಯಾವಾಗ?

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ, 2022ರ ಜನವರಿ 1ರಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ ‘ಗೇಮಿಂಗ್ ಅಸ್ವಸ್ಥತೆ’ ಸೇರಿದೆ. ಅದರ ಲಕ್ಷಣಗಳು ಮೂರು:

* ಆಟದ ಮೇಲೆ ಹಿಡಿತ ತಪ್ಪುವುದು
* ಉಳಿದೆಲ್ಲ ಕೆಲಸಗಳಿಗಿಂತ ಆಟವೇ ಮುಖ್ಯವಾಗುವುದು
* ಹಾನಿಯಾಗುತ್ತಿದ್ದರೂ ಆಟ ಮುಂದುವರಿಸುವುದು

ಇವು ದೈನಂದಿನ ಬದುಕಿಗೆ ಗಂಭೀರ ಅಡ್ಡಿಯಾಗಿ, ಸಾಮಾನ್ಯವಾಗಿ 12 ತಿಂಗಳು ಕಾಣಿಸಿಕೊಂಡಿರಬೇಕು. ಕೇವಲ ಆಡಿದ ಗಂಟೆಗಳ ಲೆಕ್ಕದಿಂದ ರೋಗನಿರ್ಣಯ ಸಾಧ್ಯವಿಲ್ಲ.

ತರಗತಿಯಲ್ಲಿ ಹೀಗೆ ಮಾಡಬಹುದು

ಎಷ್ಟು ಹೊತ್ತು ಆಡಬೇಕೆಂದುಕೊಂಡಿದ್ದರು, ನಿಜಕ್ಕೂ ಎಷ್ಟು ಹೊತ್ತು ಆಡಿದರು, ಎಷ್ಟು ಗಂಟೆಗೆ ಮಲಗಿದರು ಎಂಬುದನ್ನು ವಿದ್ಯಾರ್ಥಿಗಳು ಒಂದು ವಾರ ಬರೆದಿಡಲಿ. ಅಂದುಕೊಂಡದ್ದಕ್ಕೂ ಆಡಿದ್ದಕ್ಕೂ ಇರುವ ಅಂತರವೇ ಪಾಠದ ಆರಂಭ. ಈ ಬರಹ ಶಿಕ್ಷೆಗೆ ಆಧಾರವಾಗಕೂಡದು. ಆದರೆ ಮಕ್ಕಳು ನಿಜ ಬರೆಯಲಾರರು.

ನೆರವು ಎಲ್ಲಿ?

ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ತಂತ್ರಜ್ಞಾನದ ಅತಿಬಳಕೆಯಿಂದ ಬಳಲುವವರಿಗಾಗಿ ‘ಶಟ್ ಕ್ಲಿನಿಕ್’ ಆರಂಭಿಸಿತು. ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ಉಚಿತ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು.