ನೆಗೆತದ ಅಳತೆ: ಒಂದು ಐತಿಹಾಸಿಕ ವಿಚಾರ

ನಮ್ಮ ನಾಡಿನ ದಾನಶಾಸನಗಳು ಬಿಟ್ಟುಕೊಟ್ಟ ಭೂಮಿಯ ವಿಸ್ತೀರ್ಣವನ್ನು ಹೇಳುವಾಗ, ಅದನ್ನು ಯಾವ ಗಳೆಯಿಂದ ಅಳೆದರೆಂಬುದನ್ನೂ ಹಲವೆಡೆ ಹೇಳುತ್ತವೆ. ಬಳ್ಳಿಗಾವೆಯ ಶಾಸನಗಳಲ್ಲಿ ಬರುವ ‘ಭೇರುಂಡ ಗಳೆ’ಯು ಇದಕ್ಕೆ ಪ್ರಸಿದ್ಧವಾದ ನಿದರ್ಶನ. ಗಳೆಗಳು ಬೇರೆ ಬೇರೆಯಾಗಿದ್ದುದರಿಂದ, ಗಳೆಯ ಹೆಸರಿಲ್ಲದ ಅಳತೆಯು ವಿವಾದಕ್ಕೆ ಎಡೆಗೊಡುವುದು. ಕ್ರೀಡಾಪಟುಗಳ ನೆಗೆತವನ್ನು ಅಳೆಯುವ ಇಂದಿನ ಅಗ್ಗದ ಉಪಕರಣಗಳಿಗೂ ಈ ನ್ಯಾಯವು ಅನ್ವಯಿಸುವುದೆಂದು, ಆ ಅಳತೆಯ ಚರಿತ್ರೆಯಿಂದಲೇ ತೋರಿಸುವುದು ಈ ಲೇಖನದ ಉದ್ದೇಶ.

1880ರ ದಶಕದಲ್ಲಿ ಪ್ಯಾರಿಸ್ ನಗರದ ಶರೀರಶಾಸ್ತ್ರಜ್ಞನಾದ ಮಾರೇ ಎಂಬವನು, ತನ್ನ ಸಹಾಯಕನಾದ ದೆಮೆನಿಯೊಡನೆ, ನೆಗೆಯುವವನ ಪಾದಗಳು ನೆಲವನ್ನು ಒತ್ತುವ ಬಲವನ್ನು ಒಂದು ಹಲಗೆಯ ಮೂಲಕ ಗುರುತಿಸಿದನು. ಇದು ಪ್ರಯೋಗಶಾಲೆಯ ಮಾತಾಯಿತು. ಜನಸಾಮಾನ್ಯರಿಗೆ ಎಟುಕುವ ಕ್ರಮವು ಅಮೆರಿಕದ ಸಾರ್ಜೆಂಟನು 1921ರಲ್ಲಿ ಪ್ರಕಟಿಸಿದ ಪರೀಕ್ಷೆಯಿಂದ ಬೆಳೆಯಿತು. ಗೋಡೆಯ ಪಕ್ಕದಲ್ಲಿ ನಿಂತು ಕೈಯೆತ್ತಿ ಸೀಮೆಸುಣ್ಣದ ಗುರುತು ಮಾಡಿ, ಬಳಿಕ ನೆಗೆದು ಮತ್ತೊಂದು ಗುರುತು ಮಾಡಿದರೆ, ಇವೆರಡರ ಅಂತರವೇ ನೆಗೆತವೆಂಬುದು ಅದರ ರೂಢಿಯ ರೂಪ.

1938ರ ಸುಮಾರಿಗೆ ಸಿಮನ್ಸ್ ಮತ್ತು ರೂಜ್ ಎಂಬವರು, ಎಳೆದಾಗ ವಿದ್ಯುತ್ ನಿರೋಧವು ಬದಲಾಗುವ ಸಣ್ಣ ತಂತಿಯಿಂದ ಬಲವನ್ನು ಅಳೆಯುವ ಸಂವೇದಕವನ್ನು ಬೇರೆ ಬೇರೆಯಾಗಿಯೇ ಕಂಡುಹಿಡಿದರು. ಮಾಯಸಂದ್ರವನ್ನೊಳಗೊಂಡ ತೆಂಗಿನ ಸೀಮೆಯವರಿಗೆ ಈ ತತ್ತ್ವವು ಅಪರಿಚಿತವಲ್ಲ. ಕೊಬ್ಬರಿಯ ಚೀಲವನ್ನು ತೂಗುವ ವಿದ್ಯುನ್ಮಾನ ತಕ್ಕಡಿಯ ಒಡಲಲ್ಲಿರುವುದೂ ಸಾಮಾನ್ಯವಾಗಿ ಇದೇ ಬಗೆಯ ಸಂವೇದಕ. ಆದರೆ ತಕ್ಕಡಿಗೆ ನಿಂತ ತೂಕವೊಂದು ತಿಳಿದರೆ ಸಾಕು. ನೆಗೆತದ ಹಲಗೆಯಾದರೋ ಕ್ಷಣಕ್ಷಣಕ್ಕೂ ಮಾರ್ಪಡುವ ಬಲವನ್ನು ಸೆಕೆಂಡಿಗೆ ನೂರಾರು ಸಲ ಬರೆದಿಡಬೇಕು. ಬೆಲೆಯು ಏರುವುದಕ್ಕೆ ಇದೊಂದು ಮುಖ್ಯ ಕಾರಣ.

ಈ ವೆಚ್ಚವನ್ನು ತಪ್ಪಿಸುವ ಮಾರ್ಗವೆಂದರೆ ಬಲವನ್ನು ಬಿಟ್ಟು ಕಾಲವನ್ನು ಅಳೆಯುವುದು. ಬಾಸ್ಕೋ ಮತ್ತು ಅವನ ಸಹೋದ್ಯೋಗಿಗಳು 1983ರಲ್ಲಿ ಪ್ರಕಟಿಸಿದ ಸುಲಭ ವಿಧಾನವು ಈ ಮಾರ್ಗವನ್ನು ಪ್ರಸಿದ್ಧಿಗೆ ತಂದಿತು. ಪಾದವು ನೆಲವನ್ನು ಬಿಟ್ಟು ಮತ್ತೆ ತಾಕುವವರೆಗಿನ ಸೆಕೆಂಡುಗಳನ್ನು ವರ್ಗಮಾಡಿ, 9.81ರಿಂದ ಗುಣಿಸಿ, 8ರಿಂದ ಭಾಗಿಸಿದರೆ ಎತ್ತರವು ಮೀಟರುಗಳಲ್ಲಿ ದೊರೆಯುವುದು. ಅರ್ಧ ಸೆಕೆಂಡಿಗೆ 30.7 ಸೆಂಟಿಮೀಟರು. 2015ರಲ್ಲಿ ಬಾಲ್ಸಾಲೋಬ್ರೆ ಮೊದಲಾದವರು, ಸೆಕೆಂಡಿಗೆ 120 ಚಿತ್ರಗಳನ್ನು ತೆಗೆಯುವ ಮೊಬೈಲ್ ಫೋನಿನಿಂದಲೇ ಈ ಕಾಲವನ್ನು ಎಣಿಸಿ, ಬಲದ ಹಲಗೆಯ ಅಳತೆಗೂ ಇದಕ್ಕೂ ಸರಾಸರಿಯಲ್ಲಿ ಸುಮಾರು 1 ಸೆಂಟಿಮೀಟರಿನಷ್ಟೇ ವ್ಯತ್ಯಾಸವೆಂದು ತೋರಿಸಿದರು.

ಇಲ್ಲಿ ಎಚ್ಚರ ಬೇಕು. ಇಳಿಯುವಾಗ ಮೊಣಕಾಲನ್ನು ಮಡಿಸಿದರೆ ಪಾದವು ತಡವಾಗಿ ನೆಲವನ್ನು ತಾಕುವುದು, 0.50 ಸೆಕೆಂಡು 0.52 ಆದರೆ, ನೆಗೆಯದ 2.5 ಸೆಂಟಿಮೀಟರು ಲೆಕ್ಕಕ್ಕೆ ಸೇರುವುದು. ಮತ್ತೊಂದು ಭೇದವು ಇದಕ್ಕಿಂತಲೂ ದೊಡ್ಡದು: ಹಿಮ್ಮಡಿಯೆತ್ತಿ ತುದಿಗಾಲಿನಲ್ಲಿ ನಿಂತಾಗ ಬರುವ ಎತ್ತರವು ಗೋಡೆಯ ಅಳತೆಯಲ್ಲಿ ಸೇರುವುದು, ಕಾಲದ ಅಳತೆಯಲ್ಲಿ ಸೇರದು. ಆದುದರಿಂದ ಒಬ್ಬನದೇ ಒಂದು ನೆಗೆತಕ್ಕೆ ಎರಡು ಸಂಖ್ಯೆಗಳು ಬರುವುವು. ಎರಡೂ ತಮ್ಮ ತಮ್ಮ ಕ್ರಮದಲ್ಲಿ ಸರಿಯೇ.

ಭಾರತೀಯ ಕ್ರೀಡಾ ಪ್ರಾಧಿಕಾರವು ಬಾಲಪ್ರತಿಭೆಗಳ ಆಯ್ಕೆಗೆಂದು ಬಳಸಿದ ಪರೀಕ್ಷೆಗಳಲ್ಲಿ ಇಂತಹ ನೆಗೆತವೂ ಒಂದು. ಮಾಯಸಂದ್ರದ ಬಾಲಕಿಯನ್ನು ಫೋನಿನಿಂದಲೂ ಪಟ್ಟಣದ ಬಾಲಕಿಯನ್ನು ಗೋಡೆಯಿಂದಲೂ ಅಳೆದು, ಎರಡು ಸಂಖ್ಯೆಗಳನ್ನು ಒಂದೇ ಪಟ್ಟಿಯಲ್ಲಿ ಬರೆದರೆ, ಮೊದಲನೆಯವಳು ಕಾರಣವಿಲ್ಲದೆ ಹಿಂದೆ ಬೀಳುವಳು. ಅಗ್ಗದ ಉಪಕರಣವು ಹಳ್ಳಿಯ ಮಕ್ಕಳಿಗೆ ತೆರೆದ ಬಾಗಿಲನ್ನು ಅಜಾಗರೂಕತೆಯು ಹೀಗೆ ಮುಚ್ಚಬಹುದು. ಇದಕ್ಕೆ ಪರಿಹಾರವು ದುಬಾರಿಯದಲ್ಲ: ಸಂಖ್ಯೆಯ ಪಕ್ಕದಲ್ಲಿ ಉಪಕರಣವನ್ನೂ, ಕೈಬೀಸುವಿಕೆಯನ್ನೂ, ಇಳಿದ ರೀತಿಯನ್ನೂ ಬರೆಯುವುದು; ಒಂದೇ ಪಟ್ಟಿಯವರನ್ನೆಲ್ಲ ಒಂದೇ ಕ್ರಮದಿಂದ ಅಳೆಯುವುದು. ಗಳೆಯ ಹೆಸರನ್ನು ಕಲ್ಲಿನಲ್ಲಿ ಕೊರೆಯಿಸಿದವರ ನಾಡಿನಲ್ಲಿ ಇಷ್ಟನ್ನು ಕಾಗದದ ಮೇಲೆ ಬರೆಯುವುದು ಕಷ್ಟವಾಗಲಾರದು.